ಕಾಂಕ್ರೀಟಿಗೆ ಬೆರೆಸುವ ಫೈಬರ್: ‘ತಂತು’ವೋ ‘ನಾರೋ’?

ಪ್ರಶ್ನೆ: ಪಾಲಿಪ್ರೊಪಿಲೀನ್ ಫೈಬರ್ ಪೊಟ್ಟಣದ ಬಳಕೆಯ ವಿವರವನ್ನು ಗಾರೆಯವರಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ತಂತು ಪ್ರಬಲಿತ ಕಾಂಕ್ರೀಟು’ (ಫೈಬರ್ ರೀಇನ್‌ಫೋರ್ಸ್ಡ್ ಕಾಂಕ್ರೀಟ್) ಎಂದು ಬರೆದರೆ ಸರಿಯೇ? ಫೈಬರ್ ‘ಬಾಲಿಂಗ್’ ಆಗುವುದಕ್ಕೆ ಏನನ್ನಬೇಕು?

ಉತ್ತರ: ಸರ್, ‘ನಾರು’ ಎಂದೇ ಬರೆಯಿರಿ. ‘ತಂತು’ ಎಂದರೆ ಗಾರೆಯವರ ಕಿವಿಗೆ ತಂತಿ ಎಂದೇ ಬೀಳುತ್ತದೆ. ಕಂಬಿ ಕಟ್ಟುವ ತಂತಿಯ ಸುರುಳಿ ಅಲ್ಲೇ ಪಕ್ಕದಲ್ಲಿರುತ್ತದೆ. ನಾರು ಗಿಡದ್ದಲ್ಲವೇ ಎಂದು ಯಾರಾದರೂ ಕೇಳಿದರೆ ‘ಪ್ಲಾಸ್ಟಿಕ್ ನಾರು’ ಎನ್ನಿ. ಮಣ್ಣಿನ ಗೋಡೆಗೆ ಹುಲ್ಲು ಸೇರಿಸಿ ತುಳಿದವರಿಗೆ ಅದರ ಕೆಲಸವೂ ಥಟ್ಟನೆ ಹೊಳೆಯುತ್ತದೆ.

ನನಗೆ ನಿಜವಾದ ತಕರಾರಿರುವುದು ‘ಪ್ರಬಲಿತ’ದ ಮೇಲೆ. ಕೂದಲಿನಂಥ 12 ಮಿ.ಮೀ. ನಾರು ಕಂಬಿಗೆ ಬದಲಿಯಲ್ಲ. ಕಾಂಕ್ರೀಟು ಹಾಕಿದ ಮೊದಲ ಕೆಲವು ಗಂಟೆಗಳಲ್ಲಿ, ಒಳಗಿನ ನೀರು ಮೇಲೇರುವುದಕ್ಕಿಂತ ಬೇಗ ಮೇಲ್ಮೈ ಆರಿದಾಗ, ಹಸಿ ಕಾಂಕ್ರೀಟು ಕುಗ್ಗಿ ಬಿರಿಯುತ್ತದೆ. ಆ ಬಿರುಕನ್ನು ಈ ನಾರು ಹಿಡಿದಿಡುತ್ತದೆ. ‘ಪ್ರಬಲಿತ’ ಎಂದು ಓದಿದವರು ಮೋಲ್ಡಿನ ಕಂಬಿ ಕಡಿಮೆ ಮಾಡಿಬಿಟ್ಟರೆ ಅಪಾಯ. ‘ಬಿರುಕುತಡೆ ನಾರು’ ಎನ್ನಿ. ಯುರೋಪಿನ ಇಎನ್ 14889-2 ಮಾನಕವೂ 0.30 ಮಿ.ಮೀ. ದಪ್ಪವನ್ನು ಗೆರೆಯಾಗಿಟ್ಟು ಸಣ್ಣ ನಾರು, ದಪ್ಪ ನಾರು ಎಂದು ಬೇರ್ಪಡಿಸುತ್ತದೆ. ಗೋದಾಮಿನ ನೆಲಕ್ಕೆ, ಸುರಂಗದ ಸಿಂಪಡಿಕೆ ಕಾಂಕ್ರೀಟಿಗೆ ಹಾಕುವ 40–50 ಮಿ.ಮೀ. ಉದ್ದದ ದಪ್ಪ ನಾರು ಬಿರುಕು ಬಿಟ್ಟ ಮೇಲೂ ಭಾರ ಹೊರುತ್ತದೆ. ‘ಬಲನಾರು’ ಎಂಬ ಮಾತನ್ನು ಅದಕ್ಕೆ ಮೀಸಲಿಡೋಣ.

ಬಾಲಿಂಗಿಗೆ ‘ಉಂಡೆಗಟ್ಟುವುದು’ ಇದ್ದೇ ಇದೆ. ಪೊಟ್ಟಣ ಒಡೆದು ಒಂದೇ ಸಲ ಸುರಿದರೆ ನಾರು ಉಂಡೆಗಟ್ಟಿ, ನಡುವೆ ಸಿಮೆಂಟೇ ಹೊಗದೆ ಹತ್ತಿಯಂಥ ಗಂಟು ಉಳಿಯುತ್ತದೆ. ಹಾಗಾಗಿ ಹೀಗೆ ಬರೆಯಿರಿ: ‘50 ಕೆ.ಜಿ. ಸಿಮೆಂಟ್ ಮೂಟೆಗೆ 125 ಗ್ರಾಂ ನಾರು. ಮಿಕ್ಸರ್ ತಿರುಗುತ್ತಿರುವಾಗ ಕೈಯಲ್ಲಿ ಬಿಡಿಸಿ ಉದುರಿಸಿ. ಆಮೇಲೆ ಇನ್ನೂ 2–3 ನಿಮಿಷ ತಿರುಗಿಸಿ.’ ಘನ ಮೀಟರಿಗೆ ಏಳು ಮೂಟೆ ಹಿಡಿಯುವ ಕಾಂಕ್ರೀಟಿನಲ್ಲಿ ಇದು 875 ಗ್ರಾಂ, ಅಂದರೆ ಗಾತ್ರದಲ್ಲಿ ಸುಮಾರು 0.1%. ಗಿಲಾವಿಗಾದರೆ 6 ಮಿ.ಮೀ. ನಾರು ಎಂದು ನಮೂದಿಸಿ. ಉದ್ದದ್ದು ಕರಣೆಗೆ ಸಿಕ್ಕಿ ಮೇಲೆ ರೋಮದಂತೆ ಏಳುತ್ತದೆ.

ಇನ್ನೊಂದು ಸಾಲು ದಪ್ಪಕ್ಷರದಲ್ಲಿರಲಿ: ‘ನಾರು ಬಿದ್ದ ಮೇಲೆ ಮಿಶ್ರಣ ಬಿಗಿಯಾಗಿ ಕಾಣುತ್ತದೆ, ನೀರು ಸೇರಿಸಬೇಡಿ.’ ನೀರು ಹೆಚ್ಚಾದರೆ ಕಾಂಕ್ರೀಟಿನ ಬಲ ತಗ್ಗುತ್ತದೆ, ಆರುವಾಗ ಕುಗ್ಗುವುದೂ ಜಾಸ್ತಿ. ಸಡಿಲ ಬೇಕಿದ್ದರೆ ನೀರು ಹೆಚ್ಚಿಸದೆ ಮಿಶ್ರಣವನ್ನು ಸಡಿಲಗೊಳಿಸುವ ರಾಸಾಯನಿಕ, ಪ್ಲಾಸ್ಟಿಸೈಸರ್, ಹಾಕಲಿ. ಕ್ಯೂರಿಂಗ್ ಪದವನ್ನು ಹಾಗೆಯೇ ಬಿಡಿ, ಅದು ಎಲ್ಲರಿಗೂ ಗೊತ್ತು. ನಾರು ಹಾಕಿದರೂ ಕ್ಯೂರಿಂಗ್ ತಪ್ಪಿಸುವಂತಿಲ್ಲ ಎಂದು ಮಾತ್ರ ಸೇರಿಸಿ.