ಸ್ಪಿನಾಲೊಂಗಕ್ಕೆ ಯಾವ ದೋಣಿ?

ನಮ್ಮ ಮನೆಯ ವಾಟ್ಸಾಪ್ ಗುಂಪಿನ ಹೆಸರು ‘ಹಳೇಮನೆ ಬಳಗ’. ಅಣ್ಣ, ಅತ್ತಿಗೆ ಮ್ಯೂನಿಕ್‌ನಲ್ಲಿದ್ದಾರೆ. ದೊಡ್ಡಪ್ಪ, ದೊಡ್ಡಮ್ಮ ಸೆಪ್ಟೆಂಬರಿನಲ್ಲಿ ಮಗನ ಮನೆಗೆ ಹೋಗುತ್ತಿದ್ದಾರೆ. ಅಲ್ಲಿಂದ ಮಕ್ಕಳನ್ನೂ ಕರೆದುಕೊಂಡು ಎಲ್ಲರೂ ಗ್ರೀಸಿನ ಕ್ರೀಟ್‌ಗೆ. ಅಣ್ಣ ಹಾಕಿದ ಒಂದು ಸ್ಕ್ರೀನ್‌ಶಾಟ್ ಮೇಲೆ ಮಧ್ಯಾಹ್ನದಿಂದ ರಾತ್ರಿವರೆಗೆ ನಡೆದ ವಾದ ಇದು. ಕೈಮುಗಿದ ಎಮೋಜಿಗಳನ್ನೂ, ಯಾರೋ ನಡುವೆ ತೂರಿಸಿದ ಚಿನ್ನದ ದರದ ಫಾರ್ವರ್ಡನ್ನೂ ತೆಗೆದಿದ್ದೇನೆ.

ಅಣ್ಣ: ಇದು ನೋಡಿ. ಆಯಿಯೋಸ್ ನಿಕೊಲಾವೊಸ್ ಊರಿನ ಬಂದರಿನಿಂದ ದೋಣಿ. ಗೈಡ್ ಜೊತೆ ಸ್ಪಿನಾಲೊಂಗ ದ್ವೀಪ, 1 ಗಂಟೆ. ಆಮೇಲೆ ಕೊಲೊಕಿಥಾ ಹತ್ತಿರ ಲಂಗರು ಹಾಕಿ ಈಜು. ದೋಣಿಯಲ್ಲೇ ಬಾರ್ಬೆಕ್ಯೂ ಊಟ. ಸಂಜೆಗೆ ವಾಪಸ್. ರಾತ್ರಿ ಬುಕ್ ಮಾಡಿಬಿಡುತ್ತೇನೆ. ಏನಾದರೂ ಇದ್ದರೆ ಈಗಲೇ ಹೇಳಿ.

ಚಿಕ್ಕಪ್ಪ: ಆಹಾ, ನೀರಿನ ಬಣ್ಣ ನೋಡು! ಹೋಗಿ ಬನ್ನಿ. ಬಾರ್ಬೆಕ್ಯೂ ಅಂದರೆ ನಿಮ್ಮಪ್ಪನಿಗೆ ಏನು ಗತಿ?

ಅಣ್ಣ: ಸಲಾಡ್, ಬ್ರೆಡ್ಡು, ಚೀಸ್ ಇರುತ್ತೆ ಚಿಕ್ಕಪ್ಪ. ಅಮ್ಮ ಹೇಗೂ ಚಪಾತಿ, ಚಟ್ನಿಪುಡಿ ಇಲ್ಲದೆ ಹೊಸಿಲು ದಾಟುವುದಿಲ್ಲ.

ಚಿಕ್ಕಪ್ಪ: ಲೋ, ಈಗ ಗೂಗಲ್ ಮಾಡಿದೆ. ಅದು ಕುಷ್ಠರೋಗಿಗಳನ್ನು ಕೂಡಿಹಾಕಿದ್ದ ದ್ವೀಪವಂತೆ! ಗೊತ್ತಿತ್ತಾ ನಿನಗೆ? ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗುವ ಜಾಗವಾ ಅದು?

ಚಿಕ್ಕಮ್ಮ: ಅಯ್ಯೋ ಬೇಡಪ್ಪ. ಆ ಮಣ್ಣಿನಲ್ಲಿ, ಗೋಡೆಯಲ್ಲಿ ಏನಿರುತ್ತೋ ಏನೋ. ಸ್ಯಾಂಟೊರಿನಿಗೆ ಹೋಗಿ. ಬಿಳಿ ಮನೆ, ನೀಲಿ ಗುಮ್ಮಟ. ಫೋಟೋನೂ ಚೆನ್ನಾಗಿ ಬರುತ್ತದೆ.

ಅಣ್ಣ: ಸ್ಯಾಂಟೊರಿನಿಗೆ ಕ್ರೀಟಿನಿಂದ ಫಾಸ್ಟ್ ಫೆರಿಯಲ್ಲೇ ಸುಮಾರು 2 ಗಂಟೆ ಚಿಕ್ಕಮ್ಮ. ಹೋಗಿ ಬರುವುದರಲ್ಲೇ ದಿನ ಮುಗಿಯುತ್ತದೆ. ಇದು ಗೊತ್ತಿತ್ತು ಚಿಕ್ಕಪ್ಪ. 1957ರಲ್ಲೇ ಮುಚ್ಚಿದ್ದಾರೆ. ಈಗ ಅಲ್ಲಿ ಯಾರೂ ಇಲ್ಲ.

ಚಿಕ್ಕಪ್ಪ: ಮುಚ್ಚಿದರೇನು, ಜಾಗ ಅದೇ ತಾನೇ? ರಜಾ ಹಾಕಿ, ದುಡ್ಡು ಕೊಟ್ಟು ಅಂಥ ಕಡೆ ಯಾರಾದರೂ ಹೋಗುತ್ತಾರಾ?

ಅತ್ತೆ: ಸುಮ್ಮನಿರೋಣ ಅಂದುಕೊಂಡಿದ್ದೆ, ಆಗುತ್ತಿಲ್ಲ. ನಾನು ರಾಯಚೂರು ಕಡೆ ಕುಷ್ಠರೋಗ ವಿಭಾಗದಲ್ಲೇ ನರ್ಸ್ ಆಗಿದ್ದವಳು. ನಿಮಗೆಲ್ಲ ಮರೆತೇ ಹೋಗಿದೆ. ಆ ರೋಗಾಣು ಗೋಡೆಯಲ್ಲಿ ಅಷ್ಟು ವರ್ಷ ಕಾದು ಕೂತಿರುವುದಿಲ್ಲ. ಚಿಕಿತ್ಸೆ ಪಡೆಯದ ರೋಗಿಯ ಜೊತೆ ತಿಂಗಳುಗಟ್ಟಲೆ ಹತ್ತಿರದ ಒಡನಾಟ ಇದ್ದರೆ ಹರಡಬಹುದು, ಅಷ್ಟೇ. ಅದರಲ್ಲೂ 100ಕ್ಕೆ ಸುಮಾರು 95 ಜನಕ್ಕೆ ಅದನ್ನು ತಡೆಯುವ ಶಕ್ತಿ ಮೈಯಲ್ಲೇ ಇರುತ್ತದೆ.

ಚಿಕ್ಕಪ್ಪ: ಬೆರಳು ಉದುರಿದ್ದನ್ನು ಕಣ್ಣಾರೆ ನೋಡಿದ್ದೇನೆ ಅಕ್ಕ. ದೇವಸ್ಥಾನದ ಮುಂದೆ ಕೂತಿರುತ್ತಿದ್ದರು.

ಅತ್ತೆ: ಬೆರಳು ಉದುರುವುದಿಲ್ಲ ಕಣೋ. ನರ ಕೆಡುತ್ತದೆ, ಸ್ಪರ್ಶ ಹೋಗುತ್ತದೆ. ನಮ್ಮ ಹತ್ತಿರ ಒಬ್ಬ ಅಜ್ಜಿ ಬರುತ್ತಿದ್ದಳು. ಜೋಳದ ರೊಟ್ಟಿ ಮಾಡುವಾಗ ಬೆರಳು ಹಂಚಿಗೆ ತಗುಲಿದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ. ವಾಸನೆ ಬಂದಾಗ ರೊಟ್ಟಿ ಸೀದಿತು ಅಂತ ತಿರುವಿ ಹಾಕಿದಳಂತೆ. ಅಂಥ ಗಾಯ ಕೀವಾಗಿ, ಮತ್ತೆ ಮತ್ತೆ ಆಗಿ, ಮೂಳೆ ಸವೆದು ಬೆರಳು ಗಿಡ್ಡವಾಗುತ್ತದೆ. ಕಾಲಿಗೂ ಅದೇ ಕಥೆ. ಅದಕ್ಕೇ ಮಾತ್ರೆಯ ಜೊತೆ ಮೆತ್ತನೆಯ ಕಪ್ಪು ರಬ್ಬರ್ ಚಪ್ಪಲಿ ಕೊಡುತ್ತಿದ್ದೆವು. ಆ ಚಪ್ಪಲಿ ನೋಡಿಯೇ ಬಸ್ಸಿನಲ್ಲಿ ಪಕ್ಕದವರು ಎದ್ದು ಹೋಗುತ್ತಿದ್ದರು. ಆಮೇಲೆ ಕೆಲವರು ಚಪ್ಪಲಿಯನ್ನು ಚೀಲದಲ್ಲಿಟ್ಟುಕೊಂಡು ಬರಿಗಾಲಲ್ಲಿ ಬರತೊಡಗಿದರು.

ಪುಟ್ಟಿ: ಅತ್ತೆ, ಇದನ್ನೆಲ್ಲ ನೀವು ಯಾವತ್ತೂ ಹೇಳಿಲ್ಲ.

ಅತ್ತೆ: ನೀವೆಲ್ಲ ಸೇರುವುದು ಊಟದ ಹೊತ್ತಿಗೆ. ಆಗ ಹೇಳಿದರೆ ನಿಮ್ಮಮ್ಮ ಬೈಯುತ್ತಿದ್ದಳು.

ಪುಟ್ಟಿ: ರೋಗ ಹರಡುತ್ತೆ ಅಂತ ಅಲ್ಲ, ನನ್ನ ತಕರಾರೇ ಬೇರೆ. ಒಂದು ಗಂಟೆ ಬೇರೆಯವರ ಕಷ್ಟ ನೋಡಿ, ಸೆಲ್ಫಿ ತೆಗೆದು, ಆಮೇಲೆ ನೀರಿಗೆ ಹಾರಿ ಬಾರ್ಬೆಕ್ಯೂ ತಿನ್ನುವುದು ಹೇಗೆ ಸರಿ ಅಣ್ಣ? ನಾನಾದರೆ ಹೋಗುವುದೇ ಇಲ್ಲ.

ಅತ್ತಿಗೆ: ಪುಟ್ಟಿ, ಈಜು ಇದೆ ಅಂತಲೇ ಈ ಟ್ರಿಪ್ ಆರಿಸಿದ್ದು ನಾನು. ಒಬ್ಬನಿಗೆ ಆರು ವರ್ಷ, ಇನ್ನೊಬ್ಬಳಿಗೆ ಒಂಬತ್ತು. ನೆರಳಿಲ್ಲದ ಕಲ್ಲುಕೋಟೆಯಲ್ಲಿ ಅರ್ಧ ದಿನ ಸುತ್ತಿಸಿದರೆ ಇಬ್ಬರೂ ಸೇರಿ ನನ್ನ ತಲೆ ತಿನ್ನುತ್ತಾರೆ. ಬೆಂಗಳೂರಿನಲ್ಲಿ ಕೂತು ಸರಿ ತಪ್ಪು ಹೇಳುವುದು ಸುಲಭ.

ಪುಟ್ಟಿ: ಅತ್ತಿಗೆ, ನಿಮಗೆ ಹೇಳಿದ್ದಲ್ಲ. ಆ ಕಂಪನಿಯವರ ಪಟ್ಟಿಗೆ ಹೇಳಿದ್ದು.

ದೊಡ್ಡಪ್ಪ: ಎಲ್ಲರೂ ರೋಗದ ಹಿಂದೆ ಬಿದ್ದಿದ್ದೀರಿ. ಅದು ಮೊದಲು ಕೋಟೆ. 1579ರಲ್ಲಿ ವೆನಿಸ್‌ನವರು ಕಟ್ಟಲು ಶುರು ಮಾಡಿದ್ದು. ದ್ವೀಪದ ಹತ್ತಿರದ ಎಲುಂಡಾ ತೀರದಲ್ಲಿ ಅವರಿಗೆ ಉಪ್ಪಿನ ಆಗರಗಳಿದ್ದವು. ಕೊಲ್ಲಿಯ ಬಾಯಿ ಕಾಯಲು ಒಂದು ನೆಲೆ ಬೇಕಿತ್ತು. 1669ರಲ್ಲಿ ಕ್ಯಾಂಡಿಯಾ, ಅಂದರೆ ಇವತ್ತಿನ ಹೆರಾಕ್ಲಿಯಾನ್, 21 ವರ್ಷ ಮುತ್ತಿಗೆ ತಡೆದುಕೊಂಡು ಕೊನೆಗೆ ತುರ್ಕರ ಕೈಗೆ ಹೋಯಿತು. ಆದರೆ ಒಪ್ಪಂದದಲ್ಲಿ ಈ ಸಣ್ಣ ದ್ವೀಪ ವೆನಿಸ್‌ಗೇ ಉಳಿಯಿತು. 1715ರವರೆಗೆ! ಸ್ಕ್ರೀನ್‌ಶಾಟ್‌ನಲ್ಲಿ ಇದರ ಬಗ್ಗೆ ಒಂದೇ ಒಂದು ಸಾಲು ಇಲ್ಲ. ಬಾರ್ಬೆಕ್ಯೂಗೆ ನಾಲ್ಕು ಸಾಲು.

ಅಣ್ಣ: ಅಪ್ಪ, ನೀವೇ ಗೈಡ್ ಆದರೆ ಆ ದೋಣಿ ಸಂಜೆಗೆ ವಾಪಸ್ ಬರುವುದಿಲ್ಲ.

ಭಾವ: ನಾನು ಆ ಸ್ಕ್ರೀನ್‌ಶಾಟ್ ದೊಡ್ಡದು ಮಾಡಿ ಓದಿದೆ. ಎರಡು ವಿಷಯ. ಒಂದು, ದ್ವೀಪದ ಪ್ರವೇಶ ಟಿಕೆಟ್ ಇದರಲ್ಲಿ ಸೇರಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿದೆ. ಇನ್ನೊಂದು, ಗೈಡ್ ಇಂಗ್ಲಿಷ್, ಜರ್ಮನ್, ಫ್ರೆಂಚ್ ಮೂರರಲ್ಲೂ ಹೇಳುತ್ತಾರಂತೆ. ಒಂದು ಗಂಟೆ, ಮೂರು ಭಾಷೆ. ನಿಮ್ಮ ಪಾಲಿಗೆ ಬರುವುದು 20 ನಿಮಿಷ.

ಅಣ್ಣ: ಭಾವ, ನಾವು ಜರ್ಮನ್ ಕೇಳಿಸಿಕೊಂಡರೆ 40.

ಭಾವ: ನಿನ್ನ ಅಪ್ಪ ಅಮ್ಮನಿಗೆ?

ನಾನು: ಗೈಡ್ ಬೇಕಾ ಅನ್ನುವುದೇ ನನ್ನ ಪ್ರಶ್ನೆ. ಬೋರ್ಡ್ ಇರುತ್ತವಲ್ಲ, ಓದಿಕೊಂಡು ಹೋದರಾಗದಾ?

ಅತ್ತೆ: ಗೈಡ್ ಬೇಕು. ಇಲ್ಲದಿದ್ದರೆ ಅದು ಬರೀ ಮುರಿದ ಗೋಡೆ. ಒಳಗೆ ಹೋಗಲು ಸುರಂಗದ ಥರ ಒಂದು ದಾರಿ ಇದೆ, ಅದನ್ನು ಡಾಂಟೆಯ ಬಾಗಿಲು ಅನ್ನುತ್ತಾರೆ, ನರಕದ ಬಗ್ಗೆ ಕಾವ್ಯ ಬರೆದ ಇಟಲಿಯ ಕವಿಯ ಹೆಸರು. ಅಲ್ಲಿ ಒಂದು ಭಯದ ಕಥೆ ಹೇಳಿ, ಫೋಟೋ ತೆಗೆಸಿ, ದೋಣಿಗೆ ವಾಪಸ್ ಕರೆದುಕೊಂಡು ಬರುವ ಗೈಡ್ ಬೇಡ. ಆ ಬಾಗಿಲು ದಾಟಿದ ಮೇಲೆ ಜನ ಹೇಗೆ ಬದುಕಿದರು ಅಂತ ಹೇಳುವವರು ಬೇಕು.

ಪುಟ್ಟಿ: ಹೇಗೆ ಬದುಕಿದರು?

ಅತ್ತೆ: 1903ರಲ್ಲಿ ಕಾಲೊನಿ ಮಾಡಿದರು. ಅಲ್ಲಿದ್ದ ಮುಸ್ಲಿಂ ಕುಟುಂಬಗಳು ಬಿಟ್ಟು ಹೋದವು. ಅವರ ಮನೆಗಳಲ್ಲೇ ರೋಗಿಗಳನ್ನು ಇರಿಸಿದರು. ಮೊದಮೊದಲು ಸ್ಥಿತಿ ತುಂಬ ಕೆಟ್ಟದಾಗಿತ್ತು. 1936ರಲ್ಲಿ ಎಪಾಮಿನೊಂಡಾಸ್ ರೆಮುಂಡಾಕಿಸ್ ಅನ್ನುವ ಹುಡುಗ ಬಂದ. ಕಾನೂನು ಓದುತ್ತಿದ್ದವನು, ಅವನಿಗೂ ರೋಗ. ಅಲ್ಲಿ ರೋಗಿಗಳ ಸಂಘ ಕಟ್ಟಿದ. ಮನೆಗಳಿಗೆ ಸುಣ್ಣ ಬಂತು, ಕಾಫಿ ಅಂಗಡಿ ಬಂತು, ನಾಟಕ, ಧ್ವನಿವರ್ಧಕದಲ್ಲಿ ಸಂಗೀತ. ಮದುವೆಗೆ ಅನುಮತಿ ಇರಲಿಲ್ಲ. ಆದರೂ ಮದುವೆಯಾದರು, ಮಕ್ಕಳೂ ಹುಟ್ಟಿದವು. ನಮ್ಮ ಟ್ರೈನಿಂಗ್‌ನಲ್ಲಿ ಈ ದ್ವೀಪದ ಹೆಸರು ಕೇಳಿದ್ದೆ. ಆಮೇಲೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ.

ದೊಡ್ಡಪ್ಪ: ಅವರೇ ಕೋಟೆ ಗೋಡೆ ಅಲ್ಲಲ್ಲಿ ಒಡೆದು ದ್ವೀಪದ ಸುತ್ತ ರಸ್ತೆ ಮಾಡಿದ್ದು. ಇತಿಹಾಸಕ್ಕೆ ಎಷ್ಟು ದೊಡ್ಡ ನಷ್ಟ!

ಅತ್ತೆ: ಅಣ್ಣಯ್ಯ, ಆ ದ್ವೀಪ ಇರುವುದೇ ಸುಮಾರು 21 ಎಕರೆ. ಬದುಕಿರುವವರೆಗೂ ಅಲ್ಲೇ. ಸಂಜೆ ಹೊತ್ತು ಕಾಲಾಡಿಸಲು ಒಂದು ದಾರಿ ಬೇಕು ಅನ್ನಿಸಿತು. ನೀನು ರಿಟೈರ್ ಆದ ಮೇಲೆ ವಾಕಿಂಗ್ ಟ್ರ್ಯಾಕ್ ಬೇಕು ಅಂತ ಇಡೀ ಬಡಾವಣೆಯ ಸಹಿ ಹಾಕಿಸಲಿಲ್ಲವಾ?

ದೊಡ್ಡಪ್ಪ: ನಾನು ಯಾವ ಕೋಟೆಯನ್ನೂ ಒಡೆಸಲಿಲ್ಲ.

ಅತ್ತೆ: ಪಾರ್ಕಿನ ಕಾಂಪೌಂಡ್ ಒಡೆಸಿದೆ.

(ಇಲ್ಲಿ ದೊಡ್ಡಪ್ಪ ಒಂದು ಗಂಟೆ ಗುಂಪಿನಲ್ಲಿ ಕಾಣಿಸಲಿಲ್ಲ.)

ಪುಟ್ಟಿ: ಅತ್ತೆ, ನೀವು ಹೇಳಿದ್ದು ಓದಿದ ಮೇಲೆ ಹೋಗಬಾರದು ಅಂತ ಇನ್ನೂ ಜಾಸ್ತಿ ಅನ್ನಿಸುತ್ತಿದೆ. ಅದು ಅವರ ಮನೆ. ಅಲ್ಲಿ ಹೋಗಿ ನಾವು ಏನು ನೋಡುವುದು?

ಅತ್ತೆ: ಯಾರೂ ನೋಡಬಾರದು ಅಂತಲೇ ಅವರನ್ನು ಅಲ್ಲಿಗೆ ಕಳಿಸಿದ್ದು ಪುಟ್ಟಿ. ಗಂಡನಿಗೋ ಹೆಂಡತಿಗೋ ಕುಷ್ಠರೋಗ ಇದ್ದರೆ ವಿಚ್ಛೇದನ ಕೇಳಬಹುದು ಅನ್ನುವ ಕಾನೂನು ನಮ್ಮಲ್ಲಿ 2019ರವರೆಗೆ ಇತ್ತು. ಜಗತ್ತಿನ ಹೊಸ ರೋಗಿಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಇವತ್ತಿಗೂ ಭಾರತದವರು. ಆರು ತಿಂಗಳೋ ಒಂದು ವರ್ಷವೋ ಮಾತ್ರೆ ತಿಂದರೆ ವಾಸಿಯಾಗುತ್ತದೆ, ಮಾತ್ರೆ ಪುಕ್ಕಟೆ. ಆದರೂ ಮಚ್ಚೆ ತೋರಿಸಲು ಹೆದರಿ ಮನೆಯಲ್ಲೇ ಕೂರುತ್ತಾರೆ. ನಿನ್ನ ಚಿಕ್ಕಪ್ಪ, ಚಿಕ್ಕಮ್ಮ ಮಧ್ಯಾಹ್ನ ಏನು ಬರೆದರು ಮೇಲೆ ಹೋಗಿ ನೋಡು. ಮಕ್ಕಳು ಈಗಲೇ ಅಲ್ಲಿ ಒಂದು ಸುತ್ತು ಹಾಕಿ ಬರಲಿ ಅನ್ನುತ್ತೇನೆ. ನೀರಿಗೆ ಹಾರಲಿ, ಅದಕ್ಕೂ ನನ್ನ ತಕರಾರಿಲ್ಲ. ದ್ವೀಪಕ್ಕೆ ಒಂದು ಗಂಟೆ, ಉಳಿದದ್ದಕ್ಕೆಲ್ಲ ಇಡೀ ದಿನ, ಅದು ನನಗೆ ಹಿಡಿಸಲಿಲ್ಲ.

ಚಿಕ್ಕಮ್ಮ: ನಾನು ಮಕ್ಕಳ ಮೇಲಿನ ಕಾಳಜಿಗೆ ಹೇಳಿದ್ದು ಅತ್ತಿಗೆ. ತಪ್ಪು ತಿಳಿಯಬೇಡಿ.

ಅತ್ತೆ: ಗೊತ್ತು ಕಣೇ.

ಚಿಕ್ಕಪ್ಪ: ಅಲ್ಲಿ ಸ್ಮಶಾನವೂ ಇದೆಯಂತೆ. ಅದನ್ನಾದರೂ ಮಕ್ಕಳಿಗೆ ತೋರಿಸಬೇಡಿ.

ಅತ್ತೆ: ಹೌದು, ಇದೆ. ಸಿಮೆಂಟಿನ ಚಪ್ಪಡಿಗಳು, ಮೇಲೆ ಹೆಸರಿಲ್ಲ. 1957ರಲ್ಲಿ ಕೊನೆಯ ರೋಗಿಗಳನ್ನು ಅಥೆನ್ಸಿನ ಆಸ್ಪತ್ರೆಗೆ ಕಳಿಸಿದ ಮೇಲೂ ಅಲ್ಲಿನ ಪಾದ್ರಿ ದ್ವೀಪ ಬಿಡಲಿಲ್ಲ. ಸತ್ತವರಿಗೆ ಪ್ರಾರ್ಥನೆ ಸಲ್ಲಿಸಬೇಕಲ್ಲ ಅಂತ 1962ರವರೆಗೆ ಇದ್ದರು. ಇದನ್ನು ಒಂಬತ್ತು ವರ್ಷದ ಹುಡುಗಿಗೆ ಹೇಳಿದರೆ ಏನೂ ಆಗುವುದಿಲ್ಲ ಬಿಡು.

ಭಾವ: ನಕ್ಷೆ ನೋಡಿದೆ. ದ್ವೀಪದ ಎದುರಿಗೇ ಪ್ಲಾಕಾ ಅಂತ ಒಂದು ಹಳ್ಳಿ ಇದೆ. ನಡುವೆ ಇರುವ ನೀರು ಒಂದು ಕಿಲೋಮೀಟರೂ ಇಲ್ಲ, ದೋಣಿಯಲ್ಲಿ ಹತ್ತು ನಿಮಿಷದೊಳಗೆ ಹೋಗಬಹುದು. ನೀವು ಹೇಗೂ ಕಾರು ಬಾಡಿಗೆಗೆ ತೆಗೆದುಕೊಳ್ಳುತ್ತಿದ್ದೀರಿ. ಪ್ಲಾಕಾವರೆಗೆ ಕಾರಿನಲ್ಲಿ ಹೋಗಿ. ಬೆಳಿಗ್ಗೆ ಬಿಸಿಲೇರುವ ಮೊದಲು ಆ ಕಡೆ ದಾಟಿ, ಎಷ್ಟು ಹೊತ್ತು ಬೇಕೋ ಅಷ್ಟು ಇದ್ದು, ಮುಂದಿನ ಯಾವುದಾದರೂ ದೋಣಿಗೆ ವಾಪಸ್ ಬನ್ನಿ.

ಅತ್ತಿಗೆ: ಈಜು?

ಭಾವ: ಪ್ಲಾಕಾದಲ್ಲೇ ಬೀಚ್ ಇದೆ. ಮರಳಲ್ಲ, ಬೆಣಚು ಕಲ್ಲು. ಮಕ್ಕಳಿಗೆ ನೀರಿನ ಚಪ್ಪಲಿ ತೆಗೆದುಕೊಂಡು ಹೋಗಿ. ಊಟಕ್ಕೆ ದಡದಲ್ಲೇ ಹೋಟೆಲುಗಳಿವೆ.

ಅತ್ತಿಗೆ: ಸರಿ. ಆದರೆ ಮಧ್ಯಾಹ್ನ 12ಕ್ಕೆ ಮಕ್ಕಳು ನೀರಿನಲ್ಲಿರಬೇಕು. ಮಾವ ಅಷ್ಟರೊಳಗೆ ವೆನಿಸ್ ಮುಗಿಸಬೇಕು.

ಅಣ್ಣ: ಗೈಡ್?

ಭಾವ: ಲೈಸೆನ್ಸ್ ಇರುವ ಗೈಡ್ ಒಬ್ಬರನ್ನು ನಿಮಗೆ ಮಾತ್ರ ಅಂತ ಗೊತ್ತು ಮಾಡಿಕೊಳ್ಳಬಹುದು. ಖರ್ಚು ಜಾಸ್ತಿಯಾಗುತ್ತದೆ, ಸುಳ್ಳು ಹೇಳುವುದಿಲ್ಲ. ಊಟದ ದುಡ್ಡು ಉಳಿಯಿತಲ್ಲ, ಅದನ್ನು ಇತ್ತ ಹಾಕಿ.

ಅತ್ತೆ: ಗೈಡನ್ನು ಗೊತ್ತು ಮಾಡುವ ಮೊದಲು ಒಂದು ಪ್ರಶ್ನೆ ಕೇಳು. ರೆಮುಂಡಾಕಿಸ್ ಬಗ್ಗೆ ಎಷ್ಟು ಹೊತ್ತು ಮಾತಾಡುತ್ತೀರಿ ಅಂತ. ಉತ್ತರ ನೋಡಿ ತೀರ್ಮಾನ ಮಾಡು.

ದೊಡ್ಡಪ್ಪ: ಕೋಟೆಯ ಬಗ್ಗೆಯೂ ಕೇಳು.

ಪುಟ್ಟಿ: ನನಗೆ ಈಗಲೂ ಪೂರ್ತಿ ಸಮಾಧಾನ ಇಲ್ಲ. ಸೆಲ್ಫಿ ಮಾತ್ರ ಹಾಕಬೇಡಿ.

ಚಿಕ್ಕಪ್ಪ: ನಾನಂತೂ ಈಗಲೂ ಬೇಡ ಅಂತಲೇ.

ದೊಡ್ಡಮ್ಮ: ಎಲ್ಲ ಓದಿದೆ. ಹೋಗುವವಳು ನಾನು, ನನ್ನನ್ನು ಯಾರೂ ಕೇಳಲಿಲ್ಲ. ಮಂಡಿಗೆ ಆಗುತ್ತಾ ಆ ದಾರಿ? ಬಾತ್‌ರೂಮಿಗೆ ಏನು ಮಾಡುವುದು?

ಅಣ್ಣ: ಅಮ್ಮ, ಸುರಂಗ ದಾಟಿದರೆ ಹಳೇ ಅಂಗಡಿ ಬೀದಿ. ಕಲ್ಲು ಹಾಸು, ಅಲ್ಲಲ್ಲಿ ಏರುಪೇರು. ಅಲ್ಲಿವರೆಗೆ ನಿಧಾನವಾಗಿ ಹೋಗೋಣ. ಬಾತ್‌ರೂಮು ಪ್ಲಾಕಾದಲ್ಲೇ ಮುಗಿಸಿಕೊಂಡು ದೋಣಿ ಹತ್ತೋಣ.

ದೊಡ್ಡಮ್ಮ: ಸರಿ. ಆ ಬೀದಿವರೆಗೆ ಬರುತ್ತೇನೆ. ಎಲ್ಲಾದರೂ ಕೂತಿರುತ್ತೇನೆ, ನೀವು ಸುತ್ತಿ ಬನ್ನಿ. ಮಡಚುವ ಸ್ಟೂಲ್ ಒಂದು ಕಾರಿನಲ್ಲಿ ಇಟ್ಟುಕೋ. ಸುಮ್ನೆ ಆ ಬಾರ್ಬೆಕ್ಯೂಗೆ ದುಡ್ಡು ಕಟ್ಟಬೇಡ.

ಅಣ್ಣ: ಕಟ್ಟುವುದಿಲ್ಲ. ಇವತ್ತೇ ಬುಕ್ ಮಾಡಬೇಕಾದದ್ದು ಗೈಡ್ ಒಬ್ಬರೇ. ಇಬ್ಬರಿಗೆ ಮೇಲ್ ಹಾಕಿದ್ದೇನೆ, ಅತ್ತೆಯ ಪ್ರಶ್ನೆಯನ್ನೂ ಸೇರಿಸಿ.