ಶಾಂತ್‌ಲೂ ಅರಮನೆ: ‘ಕೆಡವಿದರು’ ಎನ್ನಬೇಕೋ, ‘ಬಿಚ್ಚಿದರು’ ಎನ್ನಬೇಕೋ?

ಮಾನ್ಯರೇ,

ಫ್ರಾನ್ಸಿನ ಆಂಬ್ವಾಜ್ ಊರಿನ ಹತ್ತಿರವಿದ್ದ ಶಾಂತ್‌ಲೂ ಅರಮನೆಯ ಬಗ್ಗೆ ಟಿಪ್ಪಣಿಯೊಂದನ್ನು ಬರೆಯುತ್ತಿದ್ದೇನೆ. 1823ರಲ್ಲಿ ಅದಕ್ಕೆ ಒದಗಿದ ಗತಿಯನ್ನು ಹೇಳಲು ಯಾವ ಕ್ರಿಯಾಪದ ಒಪ್ಪುತ್ತದೆ ಎಂಬುದು ನನ್ನ ಪ್ರಶ್ನೆ. ‘ಧ್ವಂಸವಾಯಿತು’ ಎಂದರೆ ದಂಗೆಯೋ ಯುದ್ಧವೋ ಕಾರಣವೆಂದು ಓದುಗರು ತಿಳಿಯುತ್ತಾರೆ. ‘ನೆಲಸಮ’ಕ್ಕೆ ಈಗ ಬುಲ್ಡೋಜರಿನ ಸದ್ದು ಅಂಟಿಕೊಂಡಿದೆ.

ನಡೆದದ್ದು ಬೇರೆ. 15ನೇ ಲೂಯಿಯ ಮಂತ್ರಿಯಾಗಿದ್ದ ಶ್ವಾಜೆಲ್ ಡ್ಯೂಕ್ 1761ರಲ್ಲಿ ಈ ಅರಮನೆಯನ್ನು ಕೊಂಡು ವೈಭವದಿಂದ ಬೆಳೆಸಿದ. (ಡ್ಯೂಕನ ಮನೆಯನ್ನು ಅರಮನೆ ಎನ್ನಬಹುದೇ ಎಂಬ ಆಕ್ಷೇಪ ಬರಬಹುದು, ಮೂಡುಬಿದಿರೆಯ ಚೌಟರದೂ ಅರಮನೆಯೇ ಆದ್ದರಿಂದ ನಾನು ಆ ಪದವನ್ನು ಉಳಿಸಿಕೊಂಡಿದ್ದೇನೆ.) 1770ರ ಡಿಸೆಂಬರಿನಲ್ಲಿ ದೊರೆ ಅವನನ್ನು ಪದವಿಯಿಂದ ಇಳಿಸಿ ಇಲ್ಲಿಗೇ ಗಡಿಪಾರು ಮಾಡಿದಾಗ, ಆಸ್ಥಾನದ ಗಣ್ಯರು ದೊರೆಯ ಮುನಿಸನ್ನೂ ಲೆಕ್ಕಿಸದೆ ಅವನನ್ನು ಕಾಣಲು ಬರತೊಡಗಿದರು. ಆ ಸ್ನೇಹದ ನೆನಪಿಗೆಂದು ಅವನು ಉದ್ಯಾನದಲ್ಲಿ 44 ಮೀಟರ್ ಎತ್ತರದ, ಮೇಲೇರಿದಂತೆ ಕಿರಿದಾಗುವ ಏಳು ಅಂತಸ್ತಿನ ಪಗೋಡವನ್ನು ಕಟ್ಟಿಸಿದ. 1785ರಲ್ಲಿ ಸಾಲ ಬಿಟ್ಟು ಸತ್ತ. ಅರಮನೆ ಪಾಂತಿಯೆವ್ರ್ ಡ್ಯೂಕನಿಗೆ ಹೋಯಿತು. ಕ್ರಾಂತಿಯ ಕಾಲದಲ್ಲಿ ಜಪ್ತಿಯಾದ ಚಿತ್ರಗಳಲ್ಲಿ ಕೆಲವು ಇಂದಿಗೂ ತೂರ್ ನಗರದ ವಸ್ತುಸಂಗ್ರಹಾಲಯದಲ್ಲಿವೆ. 1802ರಲ್ಲಿ ಕೊಂಡ ರಸಾಯನವಿಜ್ಞಾನಿ ಶಾಪ್ತಾಲ್ ಅಲ್ಲಿ ಬೀಟ್‌ರೂಟ್ ಸಕ್ಕರೆಯ ಪ್ರಯೋಗ ನಡೆಸಿದ.

ಕೊನೆಗೆ ಅದು ಬಿದ್ದದ್ದು ದೊಡ್ಡ ಎಸ್ಟೇಟುಗಳನ್ನು ಕೊಂಡು, ಕಟ್ಟಡಗಳ ಕಲ್ಲು, ಮರ, ಸೀಸವನ್ನು ಬಿಡಿಬಿಡಿಯಾಗಿ ಮಾರುತ್ತಿದ್ದ ವ್ಯಾಪಾರಿಗಳ ಕೈಗೆ. ಫ್ರೆಂಚರು ಇಂಥವರನ್ನು ‘ಕರಿಯ ದಂಡು’ ಎಂದು ಹಳಿಯುತ್ತಿದ್ದರು. ಪಗೋಡ ಮಾತ್ರ ಉಳಿಯಿತು.

ನಮ್ಮಲ್ಲಿ ಹೆಂಚಿನ ಹಳೆಯ ಮನೆಯ ತೊಲೆ, ಕಂಬ, ಬಾಗಿಲುವಾಡಗಳನ್ನು ಮಾರಲೆಂದೇ ಜೋಪಾನವಾಗಿ ತೆಗೆದರೆ ‘ಮನೆ ಬಿಚ್ಚಿದರು’ ಎನ್ನುತ್ತೇವೆ. ಸಾಮಾನಿನ ಬೆಲೆಗಾಗಿ ಕಟ್ಟಡವನ್ನು ಇಲ್ಲವಾಗಿಸುವ ಈ ಕೆಲಸಕ್ಕೆ ಇದಕ್ಕಿಂತ ನಿಖರವಾದ ಮಾತು ನನಗೆ ತೋಚುತ್ತಿಲ್ಲ. ಆದರೆ ‘ಬಿಚ್ಚು’ ಎಂಬುದು ಕೀಲು, ಗೂಟ, ಗಂಟುಗಳಿಂದ ಜೋಡಿಸಿದ ವಸ್ತುವಿಗೆ ಸಲ್ಲುವ ಕ್ರಿಯೆ. ಗಾರೆ ಹಾಕಿ ಕಟ್ಟಿದ ಕಲ್ಲಿನ ಗೋಡೆಗೂ ಅದನ್ನು ಬಳಸುವ ರೂಢಿ ನಿಮ್ಮ ಕಡೆ ಇದೆಯೇ, ಅಥವಾ ಅಲ್ಲಿ ‘ಕಿತ್ತರು’ ಎಂದೇ ಹೇಳುತ್ತಾರೆಯೇ? ಉತ್ತರ ಕರ್ನಾಟಕದ ವಾಡೆಗಳ ವಿಷಯದಲ್ಲಿ ಈ ಮಾತನ್ನು ಬಳಸಿ ತಿಳಿದವರು ದಯವಿಟ್ಟು ತಿಳಿಸಬೇಕು.