ಒಂದು ಲಾರಾವೆಲ್ ಆ್ಯಪ್‌ನಿಂದ ಇನ್ನೊಂದರ ಆರ್ಟಿಸನ್ ಕಮಾಂಡ್ ಓಡಿಸುವುದು ಹೇಗೆ?

ಪ್ರಶ್ನೆ: ಒಂದೇ ಸರ್ವರ್‌ನಲ್ಲಿ ಎರಡು ಲಾರಾವೆಲ್ (ಪಿಎಚ್‌ಪಿ ಫ್ರೇಮ್‌ವರ್ಕ್) ಆ್ಯಪ್‌ಗಳಿವೆ, ಅಡ್ಮಿನ್ ಮತ್ತು ಬಿಲ್ಲಿಂಗ್. ಅಡ್ಮಿನ್‌ನಲ್ಲಿ ಬಟನ್ ಒತ್ತಿದರೆ ಬಿಲ್ಲಿಂಗ್‌ನ ಆರ್ಟಿಸನ್ (ಲಾರಾವೆಲ್‌ನ ಕಮಾಂಡ್ ಲೈನ್ ಸಾಧನ) ಕಮಾಂಡ್ ಓಡಬೇಕು. ಪಿಎಚ್‌ಪಿಯಿಂದ ಬೇರೆ ಪ್ರೋಗ್ರಾಂ ಓಡಿಸುವ ಸಿಂಫನಿ ಪ್ರಾಸೆಸ್ ಲೈಬ್ರರಿ ಬಳಸಿ, ವರ್ಕಿಂಗ್ ಡೈರೆಕ್ಟರಿಯಾಗಿ ಬಿಲ್ಲಿಂಗ್ ಫೋಲ್ಡರನ್ನೇ ಕೊಟ್ಟಿದ್ದೇನೆ. ಆದರೂ ಅದು ಅಡ್ಮಿನ್‌ನ ಡೇಟಾಬೇಸ್‌ಗೆ ಹೋಗಿ ‘ಟೇಬಲ್ ಇಲ್ಲ’ ಎನ್ನುತ್ತದೆ. ಟರ್ಮಿನಲ್‌ನಲ್ಲಿ ಓಡಿಸಿದರೆ ಸರಿಯಾಗಿದೆ. ಯಾಕೆ ಸರ್?

ಉತ್ತರ: ಡೈರೆಕ್ಟರಿ ಸರಿಯಾಗಿಯೇ ಇದೆ, ತೊಂದರೆ ಇರುವುದು ಎನ್ವಿರಾನ್‌ಮೆಂಟ್‌ನಲ್ಲಿ, ಅಂದರೆ ಪ್ರಾಸೆಸ್‌ಗೆ ಸಿಗುವ ವೇರಿಯಬಲ್‌ಗಳಲ್ಲಿ. ಅಡ್ಮಿನ್ ಶುರುವಾದಾಗ ತನ್ನ ಸೆಟ್ಟಿಂಗ್‌ಗಳಿರುವ ಡಾಟ್ ಎನ್ವ್ (.env) ಫೈಲ್‌ನ ಮೌಲ್ಯಗಳನ್ನೆಲ್ಲ ಎನ್ವಿರಾನ್‌ಮೆಂಟ್‌ಗೆ ಹಾಕುತ್ತದೆ. ಸಿಂಫನಿ ಪ್ರಾಸೆಸ್ ಅವನ್ನು ಚೈಲ್ಡ್ ಪ್ರಾಸೆಸ್‌ಗೆ, ಅಂದರೆ ತಾನು ಶುರುಮಾಡಿದ ಬಿಲ್ಲಿಂಗ್ ಕಮಾಂಡ್‌ಗೆ, ಹಾಗೆಯೇ ದಾಟಿಸುತ್ತದೆ. ಬಿಲ್ಲಿಂಗ್ ತನ್ನ ಫೈಲ್ ಓದುತ್ತದೆ, ಆದರೆ ಲಾರಾವೆಲ್‌ನ ಡಾಟ್ ಎನ್ವ್ ಲೋಡರ್ ಈಗಾಗಲೇ ಇರುವ ವೇರಿಯಬಲ್‌ಗಳನ್ನು ಮುಟ್ಟುವುದಿಲ್ಲ. ಹಾಗಾಗಿ ಅಡ್ಮಿನ್‌ನ ಡೇಟಾಬೇಸ್ ಹೆಸರೇ ಉಳಿಯುತ್ತದೆ.

ಡೇಟಾಬೇಸ್ ಹೆಸರನ್ನು ಮಾತ್ರ ಬದಲಿಸಿ ಸುಮ್ಮನಾಗಬೇಡಿ. ಎನ್‌ಕ್ರಿಪ್ಷನ್‌ಗೆ ಬಳಸುವ ಆ್ಯಪ್ ಕೀ ಕೂಡ ಅಡ್ಮಿನ್‌ನದೇ ಹೋಗಿರುತ್ತದೆ, ಎನ್‌ಕ್ರಿಪ್ಟ್ ಮಾಡಿದ ಕಾಲಮ್ ಓದುವಾಗ ಕಮಾಂಡ್ ಬೀಳುತ್ತದೆ. ಡಾಟ್ಎನ್ವ್ ಲೈಬ್ರರಿಯ ಪಾರ್ಸ್ ಮೆಥಡ್‌ನಿಂದ ಅಡ್ಮಿನ್ ಫೈಲ್‌ನ ಎಲ್ಲ ಕೀಗಳನ್ನು ತೆಗೆದು, ಪ್ರತಿಯೊಂದಕ್ಕೂ ಫಾಲ್ಸ್ ಕೊಟ್ಟು, ಪ್ರಾಸೆಸ್‌ನ ಮೂರನೇ ಆರ್ಗ್ಯುಮೆಂಟ್ ಆಗಿ ಕಳಿಸಿ. ಫಾಲ್ಸ್ ಎಂದರೆ ಖಾಲಿ ಮೌಲ್ಯವಲ್ಲ, ಆ ವೇರಿಯಬಲ್ ಚೈಲ್ಡ್‌ಗೆ ಹೋಗುವುದೇ ಇಲ್ಲ.

ಇನ್ನೊಂದು ವಿಷಯ: ಅಡ್ಮಿನ್‌ನಲ್ಲಿ ಕಾನ್ಫಿಗ್ ಕ್ಯಾಶ್ ಮಾಡಿದ್ದರೆ (ಸೆಟ್ಟಿಂಗ್‌ಗಳನ್ನೆಲ್ಲ ಮೊದಲೇ ಒಂದು ಫೈಲ್‌ಗೆ ಬರೆದಿಟ್ಟಿದ್ದರೆ) ಡಾಟ್ ಎನ್ವ್ ಲೋಡ್ ಆಗುವುದೇ ಇಲ್ಲ, ಸೋರಿಕೆಯೂ ಇರುವುದಿಲ್ಲ. ಪ್ರೊಡಕ್ಷನ್‌ನಲ್ಲಿ ಸರಿಯಿದ್ದು ಲೋಕಲ್‌ನಲ್ಲಿ ಕೆಡುವುದು ಇದರಿಂದಲೇ. ಇದನ್ನೇ ಪರಿಹಾರ ಎಂದು ನಂಬಬೇಡಿ. ಯಾರಾದರೂ ಕ್ಯಾಶ್ ತೆರವು ಮಾಡಿದ ದಿನ ಬಿಲ್ಲಿಂಗ್ ಮತ್ತೆ ಅಡ್ಮಿನ್ ಡೇಟಾಬೇಸ್‌ಗೆ ಬರೆಯುತ್ತದೆ.

ಪ್ರಶ್ನೆ: ಡೇಟಾಬೇಸ್ ಸರಿಹೋಯಿತು, ಧನ್ಯವಾದ. ಈಗ 1 ನಿಮಿಷಕ್ಕೆ ಕಮಾಂಡ್ ಅರ್ಧದಲ್ಲೇ ನಿಲ್ಲುತ್ತದೆ. ಕಮಾಂಡ್ ಮುಗಿಯುವವರೆಗೆ ಕಾಯುವ ರನ್ ಮೆಥಡ್ ಬದಲು, ಕಾಯದ ಸ್ಟಾರ್ಟ್ ಬಳಸಿದರೆ ಇನ್ನೂ ಬೇಗ ಸಾಯುತ್ತದೆ.

ಉತ್ತರ: ಸಿಂಫನಿ ಪ್ರಾಸೆಸ್‌ನ ಡೀಫಾಲ್ಟ್ ಟೈಮ್‌ಔಟ್ 60 ಸೆಕೆಂಡ್. ಸ್ಟಾರ್ಟ್ ಬಳಸಿದಾಗ, ರಿಕ್ವೆಸ್ಟ್ ಮುಗಿದು ಪ್ರಾಸೆಸ್ ಆಬ್ಜೆಕ್ಟ್ ಅಳಿಯುವಾಗ ಅದು ಚೈಲ್ಡನ್ನೂ ನಿಲ್ಲಿಸುತ್ತದೆ. ಇಷ್ಟು ಹೊತ್ತಿನ ಕೆಲಸವನ್ನು ವೆಬ್ ರಿಕ್ವೆಸ್ಟ್‌ನೊಳಗೆ ಇಡಬಾರದು. ಹಿನ್ನೆಲೆಯಲ್ಲಿ ಓಡುವ ಕ್ಯೂ ಜಾಬ್ ಮಾಡಿ, ಪ್ರಾಸೆಸ್‌ನ ಟೈಮ್‌ಔಟ್ ಏರಿಸಿ.

ಅಷ್ಟೇ ಸಾಲದು. ಜಾಬ್‌ಗಳನ್ನು ಓಡಿಸುವ ವರ್ಕರ್‌ನ ಡೀಫಾಲ್ಟ್ ಟೈಮ್‌ಔಟ್ ಕೂಡ 60 ಸೆಕೆಂಡ್, ಮುಗಿಯದ ಜಾಬನ್ನು ಮತ್ತೆ ಕೊಡುವ ಮೊದಲು ಕಾಯುವ ಸಮಯ, ಅಂದರೆ ಕ್ಯೂ ಕಾನ್ಫಿಗ್‌ನ ರಿಟ್ರೈ ಆಫ್ಟರ್, 90. ಕಮಾಂಡ್‌ಗೆ 10 ನಿಮಿಷ ಬೇಕಿದ್ದರೆ ಪ್ರಾಸೆಸ್‌ಗೆ 600, ವರ್ಕರ್‌ಗೆ 630, ರಿಟ್ರೈ ಆಫ್ಟರ್‌ಗೆ 660 ಇಡಿ. ಈ ಏರಿಕೆಯ ಕ್ರಮ ತಪ್ಪಿದರೆ ಜಾಬ್ ಓಡುತ್ತಿರುವಾಗಲೇ ಅದೇ ಜಾಬ್ ಎರಡನೇ ಸಲ ಶುರುವಾಗಬಹುದು. ಬಿಲ್ಲಿಂಗ್‌ನಲ್ಲಿ ಹಾಗಾದರೆ ಒಬ್ಬ ಗ್ರಾಹಕರಿಗೆ ಎರಡು ಇನ್‌ವಾಯ್ಸ್!

ಮತ್ತೊಬ್ಬರ ಉತ್ತರ: ಮೇಲಿನದಕ್ಕೆ ಸೇರಿಸುತ್ತೇನೆ. ಒಂದೇ ಕಮಾಂಡ್ ಏಕಕಾಲಕ್ಕೆ ಎರಡು ಸಲ ಓಡದಂತೆ ತಡೆಯುವ ಲಾಕ್ ಬಿಲ್ಲಿಂಗ್‌ನ ಕಮಾಂಡ್‌ನಲ್ಲೇ ಇರಲಿ, ಆಗ ಟರ್ಮಿನಲ್‌ನಿಂದ ಓಡಿಸುವವರೂ ಅದನ್ನು ಬಳಸಬಹುದು. ಅದಕ್ಕೆ ಲಾರಾವೆಲ್‌ನ ಐಸೊಲೇಟಬಲ್ ಇಂಟರ್‌ಫೇಸ್ ಹಾಕಿ, ಎಲ್ಲಿಂದ ಓಡಿಸಿದರೂ ಐಸೊಲೇಟೆಡ್ ಆಪ್ಷನ್ ಕೊಟ್ಟೇ ಓಡಿಸಿ. ಲಾಕ್ ಸಿಗದಿದ್ದರೂ ಅದು ಡೀಫಾಲ್ಟ್ ಆಗಿ ಯಶಸ್ಸನ್ನು ಸೂಚಿಸುವ ಎಕ್ಸಿಟ್ ಕೋಡ್ 0 ಕೊಡುತ್ತದೆ, ಅಡ್ಮಿನ್ ‘ಕೆಲಸ ಆಯಿತು’ ಎಂದು ತೋರಿಸಿಬಿಡುತ್ತದೆ. ಆಪ್ಷನ್‌ಗೆ 12 ತರಹದ ಬೇರೆ ಕೋಡ್ ಕೊಟ್ಟು, ಅಡ್ಮಿನ್‌ನಲ್ಲಿ ಅದನ್ನು ಗುರುತಿಸಿ.

ಪಿಎಚ್‌ಪಿ ಬೈನರಿಯ ಪೂರ್ತಿ ಪಾತ್ ಬರೆಯಿರಿ, ಎರಡು ಆ್ಯಪ್‌ಗೆ ಎರಡು ವರ್ಷನ್ ಇರಬಹುದು. ಈ ಜಾಬ್‌ಗೆ ಪ್ರತ್ಯೇಕ ಕ್ಯೂ ಇಟ್ಟು, ಅದರ ವರ್ಕರ್ ಬಿಲ್ಲಿಂಗ್‌ನ ಯೂಸರ್ ಹೆಸರಲ್ಲೇ ಓಡಲಿ. ಇಲ್ಲದಿದ್ದರೆ ಹೊಸ ಲಾಗ್ ಫೈಲ್ ಬೇರೆ ಯೂಸರ್ ಹೆಸರಲ್ಲಿ ಸೃಷ್ಟಿಯಾಗಿ, ಮರುದಿನ ಬಿಲ್ಲಿಂಗ್ ಸೈಟೇ ‘ಪರ್ಮಿಷನ್ ಡಿನೈಡ್’ ಎನ್ನಬಹುದು.